ಟಾಂಡಾ ಹಾಸ್ಟೆಲ್‌ನ ಆ ಎರಡು ದಿನ: ಅಮನ್ ಕಾಚ್ರೂ ಪ್ರಕರಣ

ನಮ್ಮ ಹಾಸ್ಟೆಲ್ ಮೆಸ್‌ನಲ್ಲಿ ಕೈ ತೊಳಿಯೋ ಜಾಗದ ಮೇಲೆ ಒಂದು ಹಳದಿ ಬೋರ್ಡ್ ಇದೆ, ಅದ್ರಲ್ಲಿ 1800-180-5522 ಅಂತ ನಂಬರ್, ಹುಡುಗ್ರು ದಿನಾ ಮೂರು ಹೊತ್ತು ಎಂಜಲು ಕೈಯಲ್ಲಿ ನಲ್ಲಿ ತಿರುಗಿಸ್ತಾ ಅದನ್ನ ನೋಡ್ತಾರೆ. ಯಾರದ್ದು ಆ ನಂಬರ್ ಅಂತ ಕೇಳಿ ನೋಡಿ, ಆಂಟಿ ರ‍್ಯಾಗಿಂಗ್ ಸರ್ ಅಂತಾರೆ. ಯಾಕೆ ಬಂತು ಅಂತ ಕೇಳಿದ್ರೆ ಗೊತ್ತಿಲ್ಲ. ನಾನು ಒಂದು ಖಾಸಗಿ ಕಾಲೇಜಲ್ಲಿ ಲೆಕ್ಚರರ್, ಕಾಲೇಜಿನ ಹೆಸರು ಬೇಡ ಬಿಡಿ, ಹತ್ತು ವರ್ಷದಿಂದ ಆಂಟಿ ರ‍್ಯಾಗಿಂಗ್ ಸ್ಕ್ವಾಡ್‌ನಲ್ಲೂ ಇದೀನಿ, ಅಂದ್ರೆ ರಾತ್ರಿ ಹತ್ತೂವರೆಗೆ ಟಾರ್ಚ್ ಹಿಡ್ಕೊಂಡು ಕಾರಿಡಾರ್ ಸುತ್ತೋ ಕೆಲಸ. ಮೊದಲ ಎರಡು ವರ್ಷ ನನಗೂ ಆ ನಂಬರಿನ ಹಿಂದಿನ ಕಥೆ ಗೊತ್ತಿರ್ಲಿಲ್ಲ ಅನ್ನೋದನ್ನ ಇಲ್ಲೇ ಒಪ್ಕೊಂಡ್‌ಬಿಡ್ತೀನಿ.

ಕಥೆ ನಡೆದದ್ದು ಹಿಮಾಚಲ ಪ್ರದೇಶದಲ್ಲಿ. ಕಾಂಗ್ರಾ ಜಿಲ್ಲೆ, ಟಾಂಡಾ ಅನ್ನೋ ಊರು, ಅಲ್ಲಿರೋದು ಡಾ. ರಾಜೇಂದ್ರ ಪ್ರಸಾದ್ ಸರ್ಕಾರಿ ಮೆಡಿಕಲ್ ಕಾಲೇಜು. ಅಮನ್ ಸತ್ಯ ಕಾಚ್ರೂ ಅನ್ನೋ ಹುಡುಗ ಅಲ್ಲಿ ಮೊದಲ ವರ್ಷದ ಎಂಬಿಬಿಎಸ್ ಓದ್ತಿದ್ದ, ವಯಸ್ಸು 19. ಮನೆಯವರು ಗುರ್ಗಾಂವ್‌ನಲ್ಲಿ. ಮೂರನೇ ವರ್ಷದವರು ಕುಡಿದು ಬಂದು ಜೂನಿಯರ್‌ಗಳಿಗೆ ಹೊಡೀತಾರೆ ಅಂತ ಅವನು ಮನೆಯವರಿಗೆ ಒಂದು ಸಲ ಅಲ್ಲ ಹಲವು ಸಲ ಹೇಳಿದ್ದ, ಇದನ್ನ ಮನಸ್ಸಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. 2009ರ ಮಾರ್ಚ್ 6, ಶುಕ್ರವಾರ ರಾತ್ರಿಯಿಂದ ಶನಿವಾರದ ನಡುವೆ ನಾಲ್ಕು ಜನ ಸೀನಿಯರ್ಸ್ ಕುಡಿದು ಹೊಡೆದ್ರು. ತಲೆಗೆ ಪೆಟ್ಟಾಗಿತ್ತು. ಮಾರ್ಚ್ 8ಕ್ಕೆ ಅಮನ್ ಸತ್ತ. ಮಿದುಳಲ್ಲಿ ರಕ್ತಸ್ರಾವ.

ಇಷ್ಟೇ ಘಟನೆ, ಮೂರು ಸಾಲಲ್ಲಿ ಮುಗಿಯುತ್ತೆ. ಆದ್ರೆ ನಾನು ಇದನ್ನ ಮತ್ತೆ ಮತ್ತೆ ಯೋಚಿಸೋದು ಆ ಹೊಡೆತಕ್ಕಾಗಿ ಅಲ್ಲ, ಹೊಡೆತಕ್ಕೂ ಸಾವಿಗೂ ನಡುವೆ ಇದ್ದ ಹೊತ್ತಿಗಾಗಿ. ತಲೆ ಒಳಗೆ ರಕ್ತ ಸೋರೋಕೆ ಶುರುವಾದ್ರೂ ಕೆಲವು ಸಲ ಮೇಲೆ ಏನೂ ಕಾಣಲ್ಲ, ಹುಡುಗ ಎದ್ದು ಓಡಾಡಬಹುದು, ಸ್ವಲ್ಪ ತಲೆನೋವು ಅನ್ನಬಹುದು, ಮಲಗಬಹುದು, ಇದನ್ನ ಯಾವ ಮೆಡಿಕಲ್ ಕಾಲೇಜಲ್ಲಾದ್ರೂ ಕಲಿಸ್ತಾರೆ. ಅವನಿದ್ದದ್ದು ಮೆಡಿಕಲ್ ಕಾಲೇಜಿನ ಕ್ಯಾಂಪಸ್ಸಲ್ಲೇ ರೀ. ಡಾಕ್ಟರುಗಳ ಮಧ್ಯೆ, ಡಾಕ್ಟರಾಗೋಕೆ ಹೊರಟವರ ಮಧ್ಯೆ. ಹೊಡೆದವರೂ ಮೂರನೇ ವರ್ಷದ ಮೆಡಿಕಲ್ ವಿದ್ಯಾರ್ಥಿಗಳೇ, ತಲೆಗೆ ಬಿದ್ದ ಪೆಟ್ಟು ಅಂದ್ರೇನು ಅಂತ ಗೊತ್ತಿರದವರೇನಲ್ಲ.

ಇಂಥ ಸುದ್ದಿ ಓದಿದಾಗ ನಮ್ಮ ಜನ ಮೊದಲು ಹೇಳೋ ಮಾತು ಏನಪ್ಪಾ ಅಂದ್ರೆ, ಇದಕ್ಕೊಂದು ಕಠಿಣ ಕಾನೂನು ಬೇಕು ಅಂತ. ಇದ್ದವು ಸ್ವಾಮಿ. ಅದೇ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಬೇಜಾರಿನ ಸಂಗತಿ. 1996ರ ನವೆಂಬರಲ್ಲಿ ತಮಿಳುನಾಡಿನ ಚಿದಂಬರಂನ ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಪೊನ್ ನವರಸು ಅನ್ನೋ ಮೊದಲ ವರ್ಷದ ಮೆಡಿಕಲ್ ವಿದ್ಯಾರ್ಥಿಯ ಕೊಲೆ ಆಯ್ತು, ಹುಡುಗನ ಅಪ್ಪ ಮದ್ರಾಸ್ ವಿಶ್ವವಿದ್ಯಾಲಯದ ಕುಲಪತಿ, ಅಂಥವರ ಮಗನಿಗೇ ಹಾಗಾಯ್ತು ಅಂತ ಇಡೀ ರಾಜ್ಯ ಎದ್ದು ಕೂತು 1997ರಲ್ಲಿ ರ‍್ಯಾಗಿಂಗ್ ನಿಷೇಧ ಕಾಯ್ದೆ ತಂತು. 2001ರಲ್ಲಿ ಸುಪ್ರೀಂ ಕೋರ್ಟ್ ವಿಶ್ವ ಜಾಗೃತಿ ಮಿಷನ್ ಪ್ರಕರಣದಲ್ಲಿ ರ‍್ಯಾಗಿಂಗ್ ಅಂದ್ರೇನು ಅಂತ ವ್ಯಾಖ್ಯಾನ ಕೊಟ್ಟು ಕಾಲೇಜುಗಳು ಏನು ಮಾಡಬೇಕು ಅಂತ ಹೇಳಿತ್ತು. 2006ರಲ್ಲಿ ಅದೇ ಕೋರ್ಟಿನ ಆದೇಶದ ಮೇಲೆ ಸಿಬಿಐನ ಮಾಜಿ ನಿರ್ದೇಶಕ ಆರ್.ಕೆ. ರಾಘವನ್ ಸಮಿತಿ ಆಯ್ತು, ದೇಶ ಸುತ್ತಿ 2007ರಲ್ಲಿ ವರದಿ ಕೊಟ್ರು. 2007ರ ಮೇ 16ಕ್ಕೆ ಕೋರ್ಟು ಆದೇಶ ಮಾಡ್ತು, ಕಾಲೇಜು ತಗೊಂಡ ಕ್ರಮ ಹಿಂಸೆ ಅನುಭವಿಸಿದ ಹುಡುಗನಿಗೋ ಅಪ್ಪ ಅಮ್ಮನಿಗೋ ತೃಪ್ತಿ ಆಗದಿದ್ರೆ ಎಫ್ಐಆರ್ ಆಗಲೇಬೇಕು ಅಂತ.

ಅಂದ್ರೆ ಲೆಕ್ಕ ಹಾಕಿ, ಅಮನ್ ಸಾಯೋಕೆ ಹೆಚ್ಚುಕಮ್ಮಿ 22 ತಿಂಗಳ ಮುಂಚೆನೇ ದೇಶದ ಅತಿ ದೊಡ್ಡ ಕೋರ್ಟು ಹೇಳೋದನ್ನೆಲ್ಲ ಹೇಳಿ ಆಗಿತ್ತು. ದೆಹಲಿಯಿಂದ ಹೊರಟ ಆದೇಶ ಟಾಂಡಾದ ಕಾಲೇಜಿನ ಆಫೀಸಿನ ತನಕ ಬಂದಿರಬಹುದು, ಆಫೀಸಿನಿಂದ ಹಾಸ್ಟೆಲ್ ಬ್ಲಾಕಿನ ತನಕ ಇರೋ ದೂರ ದಾಟಲಿಲ್ಲ.

ಆ ದೂರದ ಬಗ್ಗೆ ನನಗೆ ಸ್ವಲ್ಪ ಗೊತ್ತು, ಯಾಕಂದ್ರೆ ಅದರಲ್ಲಿ ನಾನೇ ಓಡಾಡ್ತೀನಿ. ಹಾಸ್ಟೆಲ್ ವಾರ್ಡನ್ ಅಂದ್ರೆ ಹೆಚ್ಚಿನ ಕಡೆ ನನ್ನ ಹಾಗೇ ಪಾಠ ಮಾಡೋ ಮೇಷ್ಟ್ರು, ಅದೊಂದು ಎಕ್ಸ್‌ಟ್ರಾ ಡ್ಯೂಟಿ, ಹಗಲು ಐದು ಪೀರಿಯಡ್ ಪಾಠ, ಇಂಟರ್ನಲ್ಸ್ ಪೇಪರ್ ತಿದ್ದೋದು, ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್‌ನ ಫೈಲು, ರಾತ್ರಿ ಮನೆಗೆ ಹೋಗಿ ಮಲಗಿದ ಮೇಲೆ ಸೆಕ್ಯುರಿಟಿ ಅಣ್ಣ ಫೋನ್ ಮಾಡಿದ್ರೆ ಉಂಟು ಇಲ್ಲದಿದ್ರೆ ಇಲ್ಲ. ಸೆಕ್ಯುರಿಟಿಗೆ ಸೀನಿಯರ್ಸೇ ಟೀ ಕೊಡಿಸೋರು. ಫೈನಲ್ ಇಯರ್ ಹುಡುಗರ ಜೊತೆ ವಾರ್ಡನ್‌ಗೂ ಒಂಥರಾ ಹೊಂದಾಣಿಕೆ ಇರುತ್ತೆ, ಮೆಸ್ಸಲ್ಲಿ ಗಲಾಟೆ ಆಗದ ಹಾಗೆ ನೋಡ್ಕೊಳ್ಳೋರು ಅವರೇ, ಗಣೇಶನ ಹಬ್ಬ ಮಾಡೋರು ಅವರೇ, ಫೆಸ್ಟ್ ನಡೆಸೋರೂ ಅವರೇ. ಹೀಗಿರೋವಾಗ ಜೂನಿಯರ್ ಒಬ್ಬ ಬಂದು ಇಂಥವನು ಹೊಡೆದ ಅಂದ್ರೆ ವಾರ್ಡನ್ ಬಾಯಲ್ಲಿ ಬರೋ ಮೊದಲ ಮಾತು, ಹೋಗ್ಲಿ ಬಿಡೋ, ನಾನು ಅವನಿಗೆ ಹೇಳ್ತೀನಿ. ಆ 'ಹೇಳ್ತೀನಿ' ಇದೆಯಲ್ಲ, ಅದೇ ಅಪಾಯ. ಹೇಳಿದ ಅವತ್ತು ರಾತ್ರಿನೇ ಸೀನಿಯರ್‌ಗೆ ಗೊತ್ತಾಯ್ತು ಯಾರು ಚಾಡಿ ಹೇಳಿದ್ದು ಅಂತ.

ಇನ್ನು ಹುಡುಗರು ಯಾಕೆ ಬಾಯಿ ಬಿಡಲ್ಲ ಅನ್ನೋದು. ಹೆದರಿಕೆ ಅಂತ ಒಂದೇ ಪದದಲ್ಲಿ ಹೇಳಿ ಮುಗಿಸ್ತಾರೆ ಎಲ್ಲರೂ, ಅದು ಅರ್ಧ ಸತ್ಯ. ಅಮನ್ ಸತ್ತಾದ ಮೇಲೆ ಸುಪ್ರೀಂ ಕೋರ್ಟು ರ‍್ಯಾಗಿಂಗಿನ ಮನಶ್ಶಾಸ್ತ್ರದ ಕಡೆಯಿಂದಲೂ ನೋಡಬೇಕು ಅಂದಿತ್ತು, ಅದರ ಮುಂದುವರಿಕೆಯಾಗಿ ಜೆಎನ್‌ಯುನ ಪ್ರೊ. ಮೋಹನ್ ರಾವ್ ನೇತೃತ್ವದಲ್ಲಿ ಯುಜಿಸಿಗೆ, ಅಂದ್ರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗಕ್ಕೆ, ಒಂದು ಅಧ್ಯಯನ ಆಯ್ತು, ನಮ್ಮ ಬೆಂಗಳೂರು ನಿಮ್ಹಾನ್ಸಿನ ಡಾ. ಶೇಖರ್ ಶೇಷಾದ್ರಿಯವರೂ ಆ ತಂಡದಲ್ಲಿದ್ರು, 2015ರಲ್ಲಿ ವರದಿ ಬಂತು. 37 ಕಾಲೇಜುಗಳ 10,632 ವಿದ್ಯಾರ್ಥಿಗಳನ್ನ ಕೇಳಿದ್ರು. ಸುಮಾರು ಶೇ. 40 ಜನ ನಮಗೆ ರ‍್ಯಾಗಿಂಗ್ ಆಗಿದೆ ಅಂದ್ರು, ಅದರಲ್ಲಿ ದೂರು ಕೊಟ್ಟೋರು ಬರೀ ಶೇ. 8.6. ಇದು ಪೇಪರಲ್ಲೂ ಬಂತು. ಪೇಪರಿನವರು ಅಷ್ಟಾಗಿ ಎತ್ತದ ಇನ್ನೊಂದು ಮಾತಿದೆ ಅದರಲ್ಲಿ: ರ‍್ಯಾಗಿಂಗ್ ಮಾಡಿದ ಅದೇ ಸೀನಿಯರ್ಸ್ ಆಮೇಲೆ ನಮಗೆ ಓದಿಗೆ ಸಹಾಯ ಮಾಡಿದ್ರು ಅಂದವರು ಅರ್ಧಕ್ಕಿಂತ ಜಾಸ್ತಿ.

ಇಲ್ಲಿದೆ ನೋಡಿ ಗಂಟು. ಇದು ಒಂದು ವ್ಯವಹಾರ. ಮೊದಲ ವಾರ ಹುಡುಗ ಬರ್ತಾನೆ, ಊರು ಬಿಟ್ಟು ಮೊದಲ ಸಲ, ಅವನಿಗೆ ಯಾವ ಲೆಕ್ಚರರ್ ಹೇಗೆ, ಯಾವ ಲ್ಯಾಬಲ್ಲಿ ರೆಕಾರ್ಡ್ ಹೇಗೆ ಬರೀಬೇಕು, ವೈವಾದಲ್ಲಿ ಎಕ್ಸ್‌ಟರ್ನಲ್ ಏನು ಕೇಳ್ತಾರೆ, ಹಳೇ ಕ್ವೆಶ್ಚನ್ ಪೇಪರ್ ಎಲ್ಲಿ, ಏನೂ ಗೊತ್ತಿಲ್ಲ. ಇದೆಲ್ಲ ಇರೋದು ಸೀನಿಯರ್ ಹತ್ರ. ಮೆಡಿಕಲ್ ಆದ್ರೆ ಇನ್ನೂ ಬಿಗಿ, ಪುಸ್ತಕ ಮೂಳೆ ಸೆಟ್ ಎಲ್ಲ ಮೇಲಿನ ಬ್ಯಾಚಿಂದ ಕೆಳಗಿನ ಬ್ಯಾಚಿಗೆ ಇಳಿದು ಬರೋದು, ಮುಂದೆ ವಾರ್ಡಲ್ಲಿ ಡ್ಯೂಟಿ ಕಲಿಸೋನೂ ಅವನೇ. ಅದಕ್ಕೆ ಬೆಲೆ ಏನಪ್ಪಾ ಅಂದ್ರೆ ಮೂರು ತಿಂಗಳು ತಲೆ ತಗ್ಗಿಸೋದು. ಶರ್ಟಿನ ಮೂರನೇ ಗುಂಡಿ ನೋಡ್ಕೊಂಡು ಮಾತಾಡು, ಫುಲ್ ಸ್ಲೀವ್ ಹಾಕು, ತಲೆಕೂದ್ಲು ಸಣ್ಣ ಮಾಡಿಸು, ಸರ್ ಅನ್ನು, ರೂಮಿಗೆ ಬಂದು 'ಇಂಟ್ರೊ' ಕೊಡು. ಕೊಟ್ಟೋನಿಗೆ ಜನವರಿ ಹೊತ್ತಿಗೆ ನೋಟ್ಸು, ಬೈಕಲ್ಲಿ ಹಿಂದಿನ ಸೀಟು, ಬರ್ತಡೇ ಪಾರ್ಟಿ. ಕೊಡದೇ ಇದ್ದೋನಿಗೆ ಬಾಯ್ಕಾಟ್. ಬಾಯ್ಕಾಟ್ ಅಂದ್ರೆ ಸೀನಿಯರ್ಸ್ ಮಾತ್ರ ಅಲ್ಲ, ತನ್ನ ಬ್ಯಾಚಿನವರೂ ಮಾತು ಬಿಡ್ತಾರೆ, ಯಾಕಂದ್ರೆ ಅವನೊಬ್ಬ ಬಾಯಿ ಬಿಟ್ಟಿದ್ದಕ್ಕೆ ಇಡೀ ಬ್ಯಾಚಿಗೆ ನೋಟ್ಸ್ ಬಂದ್ ಆಗುತ್ತೆ. 18 ವರ್ಷದ ಹುಡುಗನಿಗೆ ಕಪಾಳಕ್ಕೆ ಬೀಳೋ ಏಟಿಗಿಂತ ಇದು ದೊಡ್ಡದು, ಇದನ್ನ ನಾನು ಹುಡುಗರ ಬಾಯಿಂದಲೇ ಕೇಳಿದೀನಿ.

ಅದಕ್ಕೇ ಹೇಳೋದು, ಕುಡಿದು ಬಂದು ಹೊಡೆಯೋ ನಾಲ್ಕು ಜನ ಆಕಾಶದಿಂದ ಉದುರಲ್ಲ. ಬರೀ ಇಂಟ್ರೊ, ಬರೀ ಗುಂಡಿ ನೋಡೋದು, ಇದೆಲ್ಲ ತಮಾಷೆ ಬಿಡಿ ಸರ್ ಅಂತ ಎಲ್ಲರೂ ಒಪ್ಕೊಂಡಿರೋ ಜಾಗದಲ್ಲೇ ಅವರಿಗೆ ರಾತ್ರಿ ಹನ್ನೆರಡಕ್ಕೆ ಜೂನಿಯರ್ ರೂಮಿನ ಬಾಗಿಲು ತಟ್ಟೋ ಹಕ್ಕು ಸಿಕ್ಕಿರುತ್ತೆ. ನಾನೂ ಓದೋವಾಗ ಇಂಟ್ರೊ ಕೊಟ್ಟೋನೇ. ಎರಡನೇ ವರ್ಷಕ್ಕೆ ತಗೊಂಡೋನೂ ಹೌದು. ಹೊಡೆದಿಲ್ಲ ಅನ್ನೋದು ನನ್ನ ಸಮಾಧಾನ ಅಷ್ಟೇ, ಬಾಗಿಲು ಮಾತ್ರ ತಟ್ಟಿದೀನಿ.

ಟಾಂಡಾಕ್ಕೆ ವಾಪಸ್ ಬರೋಣ. ಅಮನ್ ಸತ್ತ ಮೇಲೆ ಚಕ್ರ ಬಹಳ ಜೋರಾಗಿ ತಿರುಗ್ತು. ಅದೇ ಮಾರ್ಚಲ್ಲಿ ಆಂಧ್ರದಲ್ಲಿ ಒಬ್ಬ ವಿದ್ಯಾರ್ಥಿನಿ ರ‍್ಯಾಗಿಂಗ್ ತಡೀಲಾರದೆ ಆತ್ಮಹತ್ಯೆಗೆ ಪ್ರಯತ್ನ ಪಟ್ಟಳು, ಎರಡೂ ಒಟ್ಟಿಗೆ ಸುಪ್ರೀಂ ಕೋರ್ಟಿನ ಮುಂದೆ ಬಂದು ಮೇ 8ಕ್ಕೆ ಆದೇಶ ಆಯ್ತು. ಜೂನ್ 17, 2009ಕ್ಕೆ ಯುಜಿಸಿ ನಿಯಮಾವಳಿ ಬಂತು. ಆ ಟೋಲ್ ಫ್ರೀ ನಂಬರೂ ಅದೇ ಜೂನಲ್ಲಿ. ಹಿಮಾಚಲ ಸರ್ಕಾರವೂ ಅದೇ ವರ್ಷ ತನ್ನದೇ ಕಾಯ್ದೆ ಮಾಡ್ತು. ಹುಡುಗನ ತಂದೆ ರಾಜೇಂದ್ರ ಕಾಚ್ರೂ ಮಗನ ಹೆಸರಲ್ಲಿ ಟ್ರಸ್ಟ್ ಮಾಡಿ, ಕಾಲೇಜುಗಳು ನಿಯಮ ಪಾಲಿಸ್ತಿದಾವಾ ಅಂತ ಯುಜಿಸಿ ಪರವಾಗಿ ನೋಡ್ಕೊಳ್ಳೋ ಕೆಲಸವನ್ನ ವರ್ಷಗಟ್ಟಲೆ ಮಾಡಿದ್ರು. ಮಗನನ್ನ ಕಳ್ಕೊಂಡು ಕಾಲೇಜು ಕಾಲೇಜಿಗೆ ಫೋನ್ ಹಚ್ಚಿ ನಿಮ್ಮಲ್ಲಿ ದೂರು ಬಂದಿದೆ ಏನು ಮಾಡಿದ್ರಿ ಅಂತ ಕೇಳೋದು, ಯೋಚನೆ ಮಾಡಿ.

ಶಿಕ್ಷೆ ಏನಾಯ್ತು ಅಂದ್ರೆ, 2010ರ ನವೆಂಬರಲ್ಲಿ ಧರ್ಮಶಾಲಾದ ಫಾಸ್ಟ್ ಟ್ರ್ಯಾಕ್ ಕೋರ್ಟು ನಾಲ್ವರಿಗೂ ನಾಲ್ಕು ವರ್ಷ ಕಠಿಣ ಸಜೆ ಕೊಡ್ತು. ಕೊಲೆ ಅಂತ ಅಲ್ಲ, ಕೊಲೆಯಲ್ಲದ ನರಹತ್ಯೆ, ಐಪಿಸಿ 304ರ ಎರಡನೇ ಭಾಗ, ಅಂದ್ರೆ ಸಾಯಿಸೋ ಉದ್ದೇಶ ಇರ್ಲಿಲ್ಲ ಆದ್ರೆ ಹೀಗೆ ಹೊಡೆದ್ರೆ ಸಾಯಬಹುದು ಅನ್ನೋ ಅರಿವಿತ್ತು ಅಂತ. ಕಡಿಮೆ ಆಯ್ತು ಅಂತ ಎಷ್ಟೋ ಜನಕ್ಕೆ ಅನ್ನಿಸ್ತು, ನನಗೂ. ಆ ಕಲಮಿನಲ್ಲಿ ಹತ್ತು ವರ್ಷದ ತನಕ ಕೊಡೋ ಅವಕಾಶ ಇತ್ತು.

ಯುಜಿಸಿ ನಿಯಮಾವಳಿ ಓದಿದ್ರೆ ಯಾರೋ ಹಾಸ್ಟೆಲ್ ನೋಡಿದವರೇ ಬರೆದಿದಾರೆ ಅನ್ಸುತ್ತೆ, ಅಷ್ಟು ಚೆನ್ನಾಗಿದೆ. ಹೊಸಬರನ್ನ ಆದಷ್ಟು ಬೇರೆ ಬ್ಲಾಕಲ್ಲಿ ಇಡಿ. ವಾರ್ಡನ್ ಯಾವ ಹೊತ್ತಲ್ಲಾದ್ರೂ ಫೋನಿಗೆ ಸಿಗಬೇಕು. ಆರು ಜನ ಹೊಸಬರಿಗೆ ಒಬ್ಬ ಮೆಂಟರ್. ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ ಹೆಸರಿಲ್ಲದ ಸರ್ವೆ. ದೂರು ಗೊತ್ತಾದ 24 ಗಂಟೆ ಒಳಗೆ ಎಫ್ಐಆರ್. ಯಾರು ಮಾಡಿದ್ದು ಅಂತ ಪತ್ತೆ ಆಗದಿದ್ರೆ ಗುಂಪಿಗೇ ಶಿಕ್ಷೆ. ಒಂದರಿಂದ ನಾಲ್ಕು ಸೆಮಿಸ್ಟರ್ ತನಕ ಹೊರಗೆ ಹಾಕಬಹುದು. 2016ರಲ್ಲಿ ತಿದ್ದುಪಡಿ ಮಾಡಿ ಜಾತಿ, ಬಣ್ಣ, ಭಾಷೆ, ಊರು, ಲಿಂಗ ಇದನ್ನೆಲ್ಲ ಹಿಡ್ಕೊಂಡು ಹಿಂಸೆ ಕೊಡೋದೂ ರ‍್ಯಾಗಿಂಗೇ ಅಂತ ಬಿಡಿಸಿ ಬರೆದ್ರು.

ನಡೆಯೋದು ಏನು? ಅಡ್ಮಿಷನ್ ದಿನ ಸೈಬರ್ ಸೆಂಟರಲ್ಲಿ ಮಗನ ಬದಲು ಆ ಅಂಗಡಿ ಹುಡುಗನೇ ರ‍್ಯಾಗಿಂಗ್ ಮಾಡಲ್ಲ ಅನ್ನೋ ಆನ್‌ಲೈನ್ ಮುಚ್ಚಳಿಕೆ ತುಂಬ್ತಾನೆ, ಪ್ರಿಂಟ್ ತೆಗೆದು ಅಪ್ಪ ಸೈನ್ ಹಾಕ್ತಾರೆ, ಏನು ಬರೆದಿದೆ ಅಂತ ಇಬ್ಬರೂ ಓದಲ್ಲ. ಆರು ಜನಕ್ಕೊಬ್ಬ ಮೆಂಟರ್ ಪಟ್ಟಿ ಫೈಲಲ್ಲಿದೆ, ಮೆಂಟರ್‌ಗೆ ತಾನು ಮೆಂಟರ್ ಅಂತ ಗೊತ್ತಿರೋದು ಇನ್ಸ್‌ಪೆಕ್ಷನ್ ದಿನ. ಹೆಸರಿಲ್ಲದ ಸರ್ವೆಯನ್ನ ಕ್ಲಾಸಲ್ಲಿ, ಅಟೆಂಡೆನ್ಸ್ ಆರ್ಡರಲ್ಲಿ ಕೂರಿಸಿ, ವಾಪಸ್ ಅದೇ ಆರ್ಡರಲ್ಲಿ ಪೇಪರ್ ತಗೊಂಡಿದ್ದನ್ನ ನಾನು ಕಣ್ಣಾರೆ ನೋಡಿದೀನಿ, ಪಾಪ ಆ ಮೇಡಂಗೆ ಅದರಲ್ಲಿ ತಪ್ಪೇನು ಅಂತಲೇ ಹೊಳೆದಿರ್ಲಿಲ್ಲ. ಇನ್ನು ಎಷ್ಟೋ ಕಾಲೇಜುಗಳ ಕೈಪಿಡಿಯಲ್ಲಿ ಇನ್ನೊಂದು ಸಾಲಿರುತ್ತೆ, ರ‍್ಯಾಗಿಂಗ್ ಆದ್ರೂ ದೂರು ಕೊಡದ ಜೂನಿಯರ್‌ಗೂ ಶಿಕ್ಷೆ ಅಂತ. ಉದ್ದೇಶ ಒಳ್ಳೇದಿರಬಹುದು. ಹುಡುಗನ ಕಡೆಯಿಂದ ನೋಡಿ, ಮಾರ್ಚಲ್ಲಿ ಹೇಳೋಣ ಅಂತ ಧೈರ್ಯ ಬಂದ್ರೆ, ಸೆಪ್ಟೆಂಬರಿಂದ ಯಾಕೆ ಸುಮ್ನಿದ್ದೆ ಅಂತ ನನ್ನನ್ನೇ ಹಿಡಿದ್ರೆ ಅಂತ ಮತ್ತೆ ಬಾಯಿ ಮುಚ್ಕೋತಾನೆ.

24 ಗಂಟೆಯ ಎಫ್ಐಆರ್ ಅಂತೂ ಕಾಲೇಜುಗಳಿಗೆ ಕಬ್ಬಿಣದ ಕಡಲೆ. ಎಫ್ಐಆರ್ ಅಂದ್ರೆ ಪೇಪರಲ್ಲಿ ಹೆಸರು, ಪೇಪರಲ್ಲಿ ಹೆಸರು ಅಂದ್ರೆ ಮುಂದಿನ ವರ್ಷದ ಅಡ್ಮಿಷನ್‌ಗೆ ಪೆಟ್ಟು. ಅದಕ್ಕೇ 'ಗಲಾಟೆ', 'ಹುಡುಗರ ಜಗಳ', 'ಪರ್ಸನಲ್ ವಿಷಯ', ಏನಾದ್ರೂ ಬರೀತಾರೆ, ರ‍್ಯಾಗಿಂಗ್ ಅನ್ನೋ ಪದ ಒಂದು ಬಿಟ್ಟು. ನಮ್ಮ ರಾಜ್ಯಕ್ಕೇ ಬನ್ನಿ. ಕರ್ನಾಟಕ ಶಿಕ್ಷಣ ಕಾಯ್ದೆ 1983ರಲ್ಲಿ ರ‍್ಯಾಗಿಂಗಿನ ವ್ಯಾಖ್ಯಾನವೂ ಇದೆ, 116ನೇ ಕಲಮಿನಲ್ಲಿ ಶಿಕ್ಷೆಯೂ ಇದೆ, ಅಂದ್ರೆ ಕಾಗದದ ಮೇಲೆ ನಾವು ಎಷ್ಟೋ ರಾಜ್ಯಗಳಿಗಿಂತ ಮುಂದೆ. 2016ರಲ್ಲಿ ಕಲಬುರಗಿಯ ಒಂದು ನರ್ಸಿಂಗ್ ಕಾಲೇಜಿನ ಹಾಸ್ಟೆಲಲ್ಲಿ ಕೇರಳದ ದಲಿತ ಹುಡುಗಿಗೆ ಸೀನಿಯರ್ಸ್ ಟಾಯ್ಲೆಟ್ ಕ್ಲೀನರ್ ಕುಡಿಸಿದ್ರು ಅನ್ನೋ ಆರೋಪ ಬಂತಲ್ಲ, ಅದು ಹೊರಗೆ ಬಂದದ್ದು ಹುಡುಗಿ ಊರಿಗೆ ಹೋಗಿ ಕೋಯಿಕ್ಕೋಡ್ ಮೆಡಿಕಲ್ ಕಾಲೇಜು ಆಸ್ಪತ್ರೆ ಸೇರಿದ ಮೇಲೆ, ಕೇಸು ಮೊದಲು ಬರ್ಕೊಂಡದ್ದು ಕೇರಳ ಪೊಲೀಸ್. ಘಟನೆ ನಡೆದ ಜಾಗ ನಮ್ದು, ದೂರು ಹುಟ್ಟಿದ ಜಾಗ ಬೇರೆ ರಾಜ್ಯ. 2023ರ ಆಗಸ್ಟಲ್ಲಿ ಕೋಲ್ಕತ್ತಾದ ಜಾದವಪುರ ವಿಶ್ವವಿದ್ಯಾಲಯದ ಹಾಸ್ಟೆಲ್ ಬಾಲ್ಕನಿಯಿಂದ ಬಿದ್ದು ಮೊದಲ ವರ್ಷದ ಹುಡುಗ ಸತ್ತಾಗ ಯುಜಿಸಿ ನಿಯಮಾವಳಿಗೆ 14 ವರ್ಷ ತುಂಬಿತ್ತು.

ನನ್ನ ಅಭಿಪ್ರಾಯ ಕೇಳಿದ್ರೆ, ಅಮನ್ ಪ್ರಕರಣದಲ್ಲಿ ಗೊತ್ತಿಲ್ಲದೇ ಇದ್ದೋರು ಕಡಿಮೆ. ಮನೆಯವರಿಗೆ ಗೊತ್ತಿತ್ತು, ಪಕ್ಕದ ರೂಮಿನವರಿಗೆ ಗೊತ್ತಿರದೇ ಇರೋಕೆ ಸಾಧ್ಯ ಇಲ್ಲ, ಹಾಸ್ಟೆಲಲ್ಲಿ ಇಂಥ ರಾತ್ರಿ ಗುಟ್ಟಾಗಿ ಉಳಿಯಲ್ಲ. ಗೊತ್ತಿದ್ದದ್ದು ಒಬ್ಬರಿಂದ ಒಬ್ಬರಿಗೆ ದಾಟಿ, ಏನಾದ್ರೂ ಮಾಡಬಲ್ಲ ಒಬ್ಬ ಮನುಷ್ಯನ ಹತ್ರ ಹೊತ್ತಿಗೆ ಸರಿಯಾಗಿ ಬಂದು ನಿಲ್ಲಲಿಲ್ಲ. ಆ ಕಾರಣಕ್ಕೆ ನಮ್ಮ ಸ್ಕ್ವಾಡಲ್ಲಿ ನಾನು ಹಟ ಹಿಡಿದು ಸಣ್ಣ ಪುಟ್ಟ ಬದಲಾವಣೆ ಮಾಡಿಸಿದೀನಿ. ಹಳೇ ರೆಕಾರ್ಡು, ಕ್ವೆಶ್ಚನ್ ಪೇಪರ್, ನೋಟ್ಸ್ ಎಲ್ಲ ಸ್ಕ್ಯಾನ್ ಮಾಡಿ ಮೊದಲ ದಿನವೇ ಲೈಬ್ರರಿಯಲ್ಲಿ ಹೊಸಬರಿಗೆ ಕೊಡ್ತೀವಿ, ಸೀನಿಯರ್‌ಗಳ ಅಂಗಡಿ ಸ್ವಲ್ಪ ಬಂದ್ ಆಯ್ತು, ಇದಕ್ಕೆ ನನ್ನ ಮೇಲೆ ಮುನಿಸಿಕೊಂಡವರು ಪ್ರಿನ್ಸಿಪಾಲ್ ಅಲ್ಲ, ಥರ್ಡ್ ಇಯರ್‌ನವರು. ತಲೆಗೆ ಪೆಟ್ಟು ಅಂತ ಯಾವ ಹುಡುಗ ಹೇಳಿದ್ರೂ, ಸ್ನಾನದ ಮನೇಲಿ ಜಾರಿ ಬಿದ್ದೆ ಅಂದ್ರೂ, ಕಾರಣ ಕೇಳದೆ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಇದಕ್ಕೆ ಮೂರು ಮೀಟಿಂಗ್ ಹಿಡೀತು, ವಾಹನದ ಖರ್ಚು ಯಾವ ಹೆಡ್ಡಲ್ಲಿ ಹಾಕೋದು ಅಂತ.

ಹೋದ ವರ್ಷ ರೌಂಡ್ಸ್‌ಗೆ ಹೋದಾಗ ಯಾದಗಿರಿ ಕಡೆಯ ಒಬ್ಬ ಫಸ್ಟ್ ಇಯರ್ ಹುಡುಗ ಮೆಸ್ ಬಾಗಿಲಲ್ಲಿ ನಿಂತಿದ್ದ, ಬೋರ್ಡ್ ತೋರಿಸಿ ಕೇಳ್ದ, ಸರ್, ಆ ನಂಬರಿಗಿ ಫೋನ್ ಹಚ್ಚಿದ್ರ ಅದು ಇಲ್ಲಿಗೇ ಬರ್ತದೇನ್ರಿ? ಸುಳ್ಳು ಹೇಳೋಕೆ ಮನಸ್ಸಾಗ್ಲಿಲ್ಲ. ಹೌದಪ್ಪ, ದೂರು ನಮ್ಮ ಪ್ರಿನ್ಸಿಪಾಲ್‌ಗೆ ಬರುತ್ತೆ, ಪೊಲೀಸಿಗೂ ಹೋಗುತ್ತೆ, ಆದ್ರೆ ಹೆಸರು ಬೇಡ ಅಂದ್ರೆ ನಿನ್ನ ಹೆಸರು ಹೇಳಲ್ಲ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ನಿದ್ದು, ಹೆಸರು ಹೇಳಲಿಲ್ಲಂದ್ರೂ ಮೂರನೇ ಫ್ಲೋರ್‌ನಾಗ ಫಸ್ಟ್ ಇಯರ್ ನಾವು ಒಂಬತ್ತೇ ಮಂದಿ ಅದೀವ್ರಿ ಸರ್ ಅಂದು, ತಟ್ಟೆ ತೊಳೆದು ಹೋದ.

ಮಾರನೇ ದಿನ ಲೈಬ್ರರಿ ಕಾರ್ಡಿನ ನೆಪ ಮಾಡಿ ಆ ಫ್ಲೋರಿನವರು ಸೇರಿ ಮೂವತ್ತು ಜನರನ್ನ ಒಬ್ಬೊಬ್ಬರನ್ನಾಗಿ ಕರೆಸಿ, ಒಬ್ಬೊಬ್ಬರ ಜೊತೆಗೂ ಅಷ್ಟಷ್ಟೇ ಹೊತ್ತು, ಹತ್ತತ್ತು ನಿಮಿಷ ಬಾಗಿಲು ಹಾಕಿ ಮಾತಾಡಿದೆ, ಯಾರು ಹೇಳಿದ್ದು ಅಂತ ಹೊರಗೆ ಲೆಕ್ಕ ಹಾಕೋಕೆ ಆಗಬಾರದು ಅಂತ. ಇಪ್ಪತ್ತೊಂದನೆಯವನು ಬಾಯಿ ಬಿಟ್ಟ, ಮೂರು ಜನರ ಹೆಸರು, ರಾತ್ರಿ ಎಷ್ಟು ಗಂಟೆ, ಯಾವ ರೂಮು, ಎಲ್ಲ ಹೇಳ್ದ. ಯಾದಗಿರಿಯ ಹುಡುಗ ಅವತ್ತು ನಾಲ್ಕನೆಯವನಾಗಿ ಬಂದಿದ್ದ, ಏನೂ ಇಲ್ರಿ ಸರ್, ಎಲ್ಲಾ ಆರಾಮ ಅದ ಅಂತ ಹೇಳಿ ಎದ್ದು ಹೋಗಿದ್ದ.